ಪಡುವಣ ಬಿಸಿಲು ಬೀಳುವ ಅಡುಗೆಮನೆ

ಗಂಡನ ಆಸೆ ತೀರಿಸಲೆಂದು ನಮ್ಮವ್ವ ದುಬೈಯಲ್ಲಿ ಮನೆ ಕೊಂಡಳು ಎಂದು ಲಂಡನ್ನಿನ ಕನ್ನಡದ ಮಂದಿ ಹೇಳುತ್ತಾರೆ. ಹೇಳುವಾಗ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಬಿಸಿಲಲ್ಲಿ ದುಡಿದ ಊರಲ್ಲೇ ಒಂದು ಸ್ವಂತ ಸೂರು ಆಗಲಿ ಅಂತ ಅವರಿಗೆ ಬಹಳ ಇತ್ತಂತೆ, ಪಾಪ, ನೋಡುವ ಭಾಗ್ಯ ಇರಲಿಲ್ಲ, ಕೊನೆಗೆ ಇವರೇ ಗಟ್ಟಿ ಮನಸ್ಸು ಮಾಡಿ ಕೊಂಡರಂತೆ. ಒಮ್ಮೆ ಟೂಟಿಂಗ್‌ನಲ್ಲಿ ದೋಸೆ ತಿನ್ನುತ್ತಿದ್ದಾಗ ಪಕ್ಕದ ಟೇಬಲ್ಲಿನ ಇಬ್ಬರು ಹೆಂಗಸರು ಈ ಕಥೆಯನ್ನು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ನಾನು ಆ ಮನೆಯ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಒಬ್ಬರು ಕಣ್ಣೊರೆಸಿಕೊಂಡರು. ನಾನು ಇನ್ನಷ್ಟು ಚಟ್ನಿ ಹಾಕಿಸಿಕೊಂಡೆ.

ಕಥೆಗೆ ಒಂದೇ ಒಂದು ದೋಷವಿದೆ. ಅಪ್ಪನಿಗೆ ಅಂಥ ಆಸೆಯೇ ಇರಲಿಲ್ಲ.

ಆಧಾರ ಕೊಡುತ್ತೇನೆ. ಅಪ್ಪ ದುಬೈಯಲ್ಲಿ ಏಸಿ ರಿಪೇರಿ ಮಾಡುವ ಕಂಪನಿಯೊಂದರ ಗೋದಾಮು ನೋಡಿಕೊಳ್ಳುತ್ತಿದ್ದ. ಅವ್ವ ಅದೇ ಊರಿನ ಕ್ಲಿನಿಕ್ಕೊಂದರಲ್ಲಿ ನರ್ಸ್ ಆಗಿದ್ದಳು. ಮುಂದೆ ಲಂಡನ್ನಿನ ಆಸ್ಪತ್ರೆಯೊಂದು ಅವ್ವನಿಗೆ ಕೆಲಸ ಕೊಟ್ಟು ಕರೆಸಿಕೊಂಡಿತು. ಅಪ್ಪ ಅವಳ ಹಿಂದೆ ಬಂದು ಹೀಥ್ರೂನಲ್ಲಿ ಲಗೇಜು ಇಳಿಸುವ ಕೆಲಸಕ್ಕೆ ಸೇರಿದ. ಇಬ್ಬರೂ ಸೇರಿ ವಿಮಾನ ನಿಲ್ದಾಣದ ಹತ್ತಿರದ ಫೆಲ್ಥಮ್‌ನಲ್ಲಿ ಸಾಲುಮನೆಯೊಂದನ್ನು ಕೊಂಡರು. ಆ ಮನೆಯ ಹಿತ್ತಲಲ್ಲಿ ನಿಂತು ಅಪ್ಪ ತುಂತುರು ಮಳೆಗೆ ಮುಖವೊಡ್ಡಿ, "ಇದ ನೋಡ ಖರೇ ಏಸಿ. ಬಿಲ್ ಇಲ್ಲ, ರಿಪೇರಿ ಇಲ್ಲ" ಎನ್ನುತ್ತಿದ್ದ. ದುಬೈಯ ಹೆಸರೆತ್ತಿದರೆ, "ಆ ಕೆಂಡದಾಗ ನಾ ಮತ್ತ ಕಾಲ ಇಡಾಂವಲ್ಲ. ನನ್ನ ಹೆಣಾನೂ ಆ ಕಡೆ ಒಯ್ಯಬ್ಯಾಡ್ರಿ" ಎನ್ನುತ್ತಿದ್ದ. ಇಷ್ಟು ಬಿಡಿಸಿ ಹೇಳಿದ ಮನುಷ್ಯ ಸತ್ತ ಮೇಲೆ ಅವನ ಬಾಯಿಗೆ ಮರುಭೂಮಿಯ ಆಸೆಯನ್ನು ತುರುಕಲಾಗಿದೆ. ಎದುರು ಮಾತಾಡಲು ಅವನಿಲ್ಲ. ಹಾಗಾಗಿ ನಾನು ಮಾತಾಡುತ್ತಿದ್ದೇನೆ.

ನನ್ನ ಬಗ್ಗೆಯೂ ಒಂದಿಷ್ಟು ಹೇಳಬೇಕು. ದುಬೈಯಲ್ಲಿ ಅಪ್ಪ ಅವ್ವ ಇದ್ದದ್ದು ಪಾರ್ಟಿಶನ್ ರೂಮಿನಲ್ಲಿ. ಒಂದು ದೊಡ್ಡ ಮನೆಯನ್ನು ಪ್ಲೈವುಡ್ಡಿನಿಂದ ಸೀಳಿ, ಸೀಳಿಗೊಂದು ಕುಟುಂಬವನ್ನು ಇಟ್ಟಿರುತ್ತಾರೆ. ಅಡುಗೆಮನೆ ಎಲ್ಲರಿಗೂ ಒಂದೇ. ಅಲ್ಲಿ ಮಗು ಬೆಳೆಸಲು ಜಾಗವಿಲ್ಲವೆಂದು ನನ್ನನ್ನು ಧಾರವಾಡದ ಅಜ್ಜಿಯ ಹತ್ತಿರ ಬಿಟ್ಟರು. ರಜೆ ಬಂದಾಗ ಮಾತ್ರ ದುಬೈ. ಬೇಸಿಗೆ ಕಳೆಯಲು ಧಾರವಾಡದಿಂದ ಮರುಭೂಮಿಗೆ ಹೋಗುತ್ತಿದ್ದ ಮಗು ನಾನೊಬ್ಬಳೇ ಇರಬೇಕು. ಶಾಲೆಯಲ್ಲಿ ನನ್ನನ್ನು ಚರ್ಚಾಸ್ಪರ್ಧೆಗೆ ಹಚ್ಚಿದರು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆಯೇ ಗೊತ್ತಾಗುತ್ತಿತ್ತು. ಪಟ್ಟಣದ ಬದುಕಿಗಿಂತ ಹಳ್ಳಿಯ ಬದುಕು ಲೇಸು ಎಂದು ಒಂದು ಶಾಲೆಯಲ್ಲಿ ಗುಡುಗಿ ಲೋಟ ಗೆದ್ದುಬಂದೆ, ಅಲ್ಲವೇ ಅಲ್ಲ ಎಂದು ಇನ್ನೊಂದು ಶಾಲೆಯಲ್ಲಿ ಗುಡುಗಿ ತಟ್ಟೆ ಗೆದ್ದುಬಂದೆ. ಎರಡೂ ಸಲ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಆಮೇಲೆ ಲಂಡನ್ನಿನ ಯೂನಿವರ್ಸಿಟಿಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಮಾಡಿದೆ.

ನಾನು ಇಲ್ಲಿಗೆ ಬಂದದ್ದು ಹೈಸ್ಕೂಲಿನ ಕೊನೆಗೆ. ನಾವು ಮೂವರೂ ಒಂದೇ ಸೂರಿನಡಿ ವರ್ಷಪೂರ್ತಿ ಇದ್ದದ್ದು ಫೆಲ್ಥಮ್‌ನ ಆ ಮನೆಯಲ್ಲೇ ಮೊದಲು. ಇದನ್ನು ಈಗಲೇ ಹೇಳಿಡುವುದು ನ್ಯಾಯ. ಯಾಕೆಂದರೆ ಮುಂದೆ ಅವ್ವನ ಎದುರು ನಾನು ಹೂಡಿದ ವಾದಗಳಲ್ಲಿ ಇದು ಇರಲಿಲ್ಲ. ಮಗಳನ್ನು ಒಮ್ಮೆ ಬಿಟ್ಟಿದ್ದೀ, ಮತ್ತೆ ಬಿಡುತ್ತೀಯಾ ಎಂದು ಕೇಳುವುದು ಚರ್ಚೆಯ ನಿಯಮಕ್ಕೆ ವಿರುದ್ಧ. ಅದು ಕರುಳಿಗೆ ಕೈ ಹಾಕುವುದು. ನಿರ್ಣಾಯಕರು ಅಂಕ ಕಳೆಯುತ್ತಾರೆ.

ಎರಡು ಚಳಿಗಾಲಗಳ ಹಿಂದೆ ಅಪ್ಪ ಕೆಲಸ ಮುಗಿಸಿ ಬರುವಾಗ ಬಸ್ಸಿನಲ್ಲೇ ಎದೆ ಹಿಡಿದುಕೊಂಡು ಕುಸಿದ. ಅವನನ್ನು ಒಯ್ದದ್ದು ಅವ್ವ ಕೆಲಸ ಮಾಡುವ ಆಸ್ಪತ್ರೆಗಲ್ಲ, ಬೇರೆಯದಕ್ಕೆ. ನಾವು ತಲುಪಿದಾಗ ಅಲ್ಲಿನ ನರ್ಸೊಬ್ಬಳು ನಮ್ಮನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದಳು. ಮೆತ್ತನೆಯ ಕುರ್ಚಿ, ಗೋಡೆಗೆ ಸಮುದ್ರದ ಚಿತ್ರ. ಮೇಜಿನ ಮೇಲಿದ್ದ ಟಿಶ್ಯೂ ಪೆಟ್ಟಿಗೆಯನ್ನು ಆಕೆ ನಮ್ಮ ಕಡೆ ಚೂರು ಸರಿಸಿ ಹೋದಳು. ಅವ್ವ ಆ ಪೆಟ್ಟಿಗೆಯನ್ನು ನೋಡಿ, "ಹೋಗ್ಯಾರ" ಎಂದಳು. ಡಾಕ್ಟರು ಇನ್ನೂ ಬಂದಿರಲಿಲ್ಲ. ಇಂಥದೇ ಕೋಣೆಯಲ್ಲಿ ಅವಳೂ ಎಷ್ಟೋ ಜನರನ್ನು ಕೂರಿಸಿ, ಪೆಟ್ಟಿಗೆ ಸರಿಸಿ ಬಂದಿದ್ದಳು.

ಅಲ್ಲಿಂದ ಮುಂದಿನ ತಿಂಗಳುಗಳು ಹಲ್ಲು ಕೀಳಿಸಿಕೊಂಡ ದವಡೆಯ ಹಾಗಿದ್ದವು. ಮುಟ್ಟಿದರೆ ಅಲ್ಲೇನೋ ಇದೆ, ಆದರೆ ಅದು ನನ್ನದಲ್ಲ. ಅವ್ವ ಎರಡು ವಾರಕ್ಕೇ ಡ್ಯೂಟಿಗೆ ಹೋದಳು. ಕೈಗೆ ಬಳೆ, ಉಂಗುರ ಯಾವುದೂ ಇರಬಾರದೆಂಬುದು ಆಸ್ಪತ್ರೆಯ ನಿಯಮ. ಅವಳ ಕೈ ವರ್ಷಗಟ್ಟಲೆ ಬರಿದಾಗಿಯೇ ಇತ್ತು. ಹಾಗಾಗಿ ಅಪ್ಪ ಹೋದ ಮೇಲೆ ಅವಳ ಕೈಯಲ್ಲಿ ಏನೂ ಬದಲಾಗಲಿಲ್ಲ. ಹಣೆಯ ಕುಂಕುಮ ಮಾತ್ರ ಹೋಯಿತು. ತೆಗೆ ಎಂದು ಯಾರೂ ಹೇಳಲಿಲ್ಲ, ಇಟ್ಟುಕೋ ಎಂದು ನಾನೂ ಹೇಳಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಉಂಡೆವು, ಒಂದೇ ಟೀವಿ ನೋಡಿದೆವು. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು. ಅವುಗಳ ಸದ್ದಿಗೆ ಮಾತು ನಿಲ್ಲಿಸುವ ಅಭ್ಯಾಸ ನಮಗಿತ್ತು. ಈಗ ಸದ್ದು ಹೋದ ಮೇಲೂ ಮಾತು ಶುರುವಾಗುತ್ತಿರಲಿಲ್ಲ.

ಒಂದು ಭಾನುವಾರ ಅವ್ವ ಸೌತ್‌ಹಾಲ್‌ನಿಂದ ತಂದ ಮೆಂತ್ಯಸೊಪ್ಪು ಸೋಸುತ್ತ ಕೂತಿದ್ದಳು. ನಾನು ಎದುರಿಗೆ ಲ್ಯಾಪ್‌ಟಾಪ್ ತೆರೆದುಕೊಂಡಿದ್ದೆ.

"ದುಬೈದಾಗ ಒಂದ ಮನಿ ತಗೋಬೇಕಂತ ಮಾಡೀನಿ," ಎಂದಳು.

"ಇನ್ವೆಸ್ಟ್‌ಮೆಂಟಾ?"

"ಅಲ್ಲ. ಇರಾಕ."

"ಯಾರು ಇರಾಕ?"

"ಮನಿ ತಗೊಳ್ಳಾಕಿ ನಾ. ಇನ್ಯಾರ ಇರತಾರ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅಳು ಬರಬೇಕಾದಲ್ಲಿ ನನಗೆ ವಾದ ಬರುತ್ತದೆ, ಅದು ನನ್ನ ಮೈಯ ರಚನೆ. ಮೊದಲು ಬಿಸಿಲನ್ನು ಎತ್ತಿದೆ. ಆಮೇಲೆ ಕಾನೂನು. ಅಲ್ಲಿ ಎಷ್ಟು ವರ್ಷ ಇದ್ದರೂ ಆ ಊರು ನಮ್ಮದಾಗುವುದಿಲ್ಲ, ಇರಲು ಕೊಟ್ಟ ಅನುಮತಿಗೆ ಯಾವತ್ತೂ ಒಂದು ಕೊನೆಯ ತಾರೀಕು ಇರುತ್ತದೆ. ಆಮೇಲೆ ಆರೋಗ್ಯ. ಇಲ್ಲಿ ಜ್ವರ ಬಂದರೆ ಕಾಸು ಕೇಳದೆ ನೋಡುವ ಬಡಾವಣೆಯ ಡಾಕ್ಟರು, ಜಿಪಿ, ಇದ್ದಾರೆ, ಅಲ್ಲಿ ಕೆಮ್ಮಿದರೂ ವಿಮೆ ಕೇಳುತ್ತಾರೆ.

"ಅಲ್ಲಿ ಕೆಲಸ ಐತಿ," ಎಂದಳು ಅವ್ವ. "ಚೇಚಿ ಕರದಾಳ."

ಚೇಚಿ ಎಂದರೆ ಪಾರ್ಟಿಶನ್ ರೂಮಿನ ದಿನಗಳಲ್ಲಿ ಪ್ಲೈವುಡ್ಡಿನ ಆಚೆ ಬದಿಗಿದ್ದ ಮಲಯಾಳಿ ನರ್ಸ್. ಈಗ ಒಂದು ಕ್ಲಿನಿಕ್ಕಿನ ಪೂರ್ತಿ ಜವಾಬ್ದಾರಿ ಆಕೆಯದು. ನಮ್ಮ ಮನೆಯಲ್ಲಿ ಎಲ್ಲರಿಗೂ ಆಕೆ ಚೇಚಿಯೇ, ಅಂದರೆ ಅಕ್ಕ.

"ಈ ವಯಸ್ಸಿಗೆ ಹೊಸಾ ಕೆಲಸ ಯಾಕವ್ವಾ? ಅಲ್ಲಿ ನೀ ಒಬ್ಬಾಕಿ ಆಗ್ತಿ. ರಾತ್ರಿ ಏನರ ಆದ್ರ ಯಾರನ್ನ ಕರೀತಿ?"

"ಇಲ್ಲಿ?"

"ಇಲ್ಲಿ ನಾ ಅದೀನಲ್ಲ."

"ಅದೀಯವ್ವ. ಆ ಡಬ್ಬಿ ತಕ್ಕೊಂಡು ಕುಂತಿರತಿ," ಎಂದು ಲ್ಯಾಪ್‌ಟಾಪಿನ ಕಡೆ ಮೆಂತ್ಯದ ಕಡ್ಡಿ ತೋರಿಸಿದಳು.

ಕೊನೆಯ ಅಸ್ತ್ರ ತೆಗೆದೆ. "ಅಪ್ಪಗ ಆ ಊರು ಸೇರತಿದ್ದಿಲ್ಲ."

"ನಿಮ್ಮಪ್ಪಗ ಸೇರತಿದ್ದಿಲ್ಲ," ಎಂದಳು ಅವ್ವ. ಒಪ್ಪಿಕೊಂಡಳೋ ತಿದ್ದಿದಳೋ ತಿಳಿಯಲಿಲ್ಲ. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ ಎದ್ದಳು. "ಮುಗೀತೇನ ಭಾಷಣ? ಇಲ್ಲಾ ಗಂಟಿ ಬಾರಸ್ಲ್ಯಾ?"

ಚರ್ಚಾಸ್ಪರ್ಧೆಯಲ್ಲಿ ಸಮಯ ಮುಗಿದರೆ ಗಂಟೆ ಬಾರಿಸುತ್ತಾರೆ. ನನ್ನ ಒಂದು ಸ್ಪರ್ಧೆಯನ್ನೂ ಅವಳು ಕೂತು ನೋಡಿದವಳಲ್ಲ. ಫೋನಿನಲ್ಲಿ ಕೇಳಿ ತಿಳಿದದ್ದು.

ಗಂಡನ ಆಸೆಯ ಕಥೆ ಹುಟ್ಟಿದ್ದು ಅದೇ ವಾರ. ಪರಿಚಯದ ಆಂಟಿಯೊಬ್ಬರ ಫೋನು ಬಂತು. ಸ್ಪೀಕರಿನಲ್ಲಿತ್ತು. "ಮನೆ ತಗೋತಿದೀರಂತೆ? ನಿಮ್ಮ ಮನೆಯವರಿಗೆ ಆಸೆ ಇತ್ತು ಅಲ್ವೇನ್ರೀ?" ಎಂದರು. ಅವ್ವ ಹಿಟ್ಟು ನಾದುತ್ತ, "ಹೂಂರೀ" ಎಂದಳು. ಅಷ್ಟೇ. ಆ ಒಂದು ಹೂಂ ವಾರದೊಳಗೆ ಕೈಕಾಲು ಮೂಡಿಸಿಕೊಂಡು ಲಂಡನ್ನಿನ ಹೌನ್ಸ್‌ಲೋದಿಂದ ಹ್ಯಾರೋವರೆಗೆ ನಡೆದಾಡಿತು. "ಸುಳ್ಳು ಯಾಕ ಹೇಳಿದಿ?" ಎಂದು ಕೇಳಿದರೆ, "ನಾ ಏನ ಹೇಳಿದೆ? ಅವರ ಹೇಳಿದ್ರು" ಎಂದಳು. ತಾಂತ್ರಿಕವಾಗಿ ಅವಳ ಮಾತು ಸರಿಯಿತ್ತು.

ಆ ವಸಂತದಲ್ಲಿ ಮನೆ ನೋಡಲು ಇಬ್ಬರೂ ದುಬೈಗೆ ಹೋದೆವು. ನಾನು ರಜೆ ಹಾಕಿ ಹೋದದ್ದು ಸಹಾಯಕ್ಕಲ್ಲ. ಸ್ಥಳದಲ್ಲೇ ನಿಂತು ತೋರಿಸಿದರೆ ತನ್ನ ತಪ್ಪು ಅವಳಿಗೆ ತಿಳಿದೀತು ಎಂದು. ಚೇಚಿಯ ಮನೆಯಲ್ಲಿ ಉಳಿದೆವು. ಚೇಚಿ ಮತ್ತು ಅವ್ವ ಮಾತಾಡುವುದು ಮೂರು ಭಾಷೆಯ ಸಾಂಬಾರಿನಲ್ಲಿ. ಮಲಯಾಳ, ಹಿಂದಿ, ನಡುವೆ ನರ್ಸುಗಳ ಇಂಗ್ಲಿಷು. ನಾವು ಹಿಂದೆ ಇದ್ದ ಮನೆಯ ಬೀದಿಗೆ ಕರೆದೊಯ್ದು ಚೇಚಿ ಅದನ್ನು ಕೆಡವಿದ ಜಾಗದಲ್ಲಿ ಎದ್ದ ಒಂದು ಪಾರ್ಕಿಂಗ್ ತೋರಿಸಿದರು. ಅವ್ವ ಅದನ್ನು ನೋಡಿ, "ಗಾಡಿಗೋಳಿಗೆ ಚಲೋ ಜಾಗ ಆತು" ಎಂದಳು. ನನಗೆ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಚೇಚಿಯ ಕಟ್ಟಡದ ಲಿಫ್ಟಿನಲ್ಲಿ ದಿನವೂ ಅರಬರು, ಫಿಲಿಪಿನೋಗಳು, ಪಠಾಣರು, ರಷ್ಯದ ಒಬ್ಬ ಎತ್ತರದ ಹೆಂಗಸು, ಹೈದರಾಬಾದಿನ ಒಂದು ಸಂಸಾರ. ಎಲ್ಲರೂ ಎಲ್ಲಿಂದಲೋ ಬಂದವರೇ. ಹಾಗಾಗಿ ಎಲ್ಲಿಯವರು ಎಂಬ ಪ್ರಶ್ನೆಗೆ ಅಲ್ಲಿ ಮುಳ್ಳಿಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಅದೇ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಕೂಲಿಗಳನ್ನು ತುಂಬಿದ ಬಸ್ಸುಗಳು ಹೋಗುತ್ತಿದ್ದವು. ಕಿಟಕಿಗೆ ತಲೆಯಾನಿಸಿ ಎಲ್ಲರೂ ನಿದ್ದೆಹೋಗಿರುತ್ತಿದ್ದರು. ಬಹುಸಂಸ್ಕೃತಿ ಎಂಬ ಮಾತು ಲಿಫ್ಟಿನೊಳಗೆ ಒಂದು, ಆ ಬಸ್ಸಿನೊಳಗೆ ಇನ್ನೊಂದು ಎಂದು ನಾನು ಅವ್ವನಿಗೆ ಹೇಳಿದೆ.

"ಆ ಬಸ್ಸಿನಾಗ ನಿಮ್ಮಪ್ಪ ಹೋಗಿ ಬಂದಾನ. ನನಗ ಹೇಳತಿಯೇನು?" ಎಂದಳು.

ಮನೆ ತೋರಿಸಲು ಬಂದ ಏಜೆಂಟ್ ಲಾಹೋರಿನವನು. ಕಪ್ಪು ಕನ್ನಡಕ, ಹೊಳೆಯುವ ಬೂಟು. ಈಜುಕೊಳ, ಜಿಮ್ಮು, ಹತ್ತಿರದ ಮೆಟ್ರೋ ಎಲ್ಲವನ್ನೂ ಉರ್ದುವಿನಲ್ಲಿ ಹೇಳಿ ಮುಗಿಸುವವರೆಗೆ ಅವ್ವ ಸುಮ್ಮನೆ ನಿಂತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಬಿಸಿನೀರಿನಲ್ಲಿ ನಾದಿ ತಂದಿದ್ದ ಜೋಳದ ಹಿಟ್ಟು.

ಇದಕ್ಕೆ ಹಿನ್ನೆಲೆ ಬೇಕು. ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತಾರೆ. ಅಂಗೈಯಿಂದ ಪಟಪಟ ಬಡಿದು ಹಿಗ್ಗಿಸಬೇಕು. ಪಾರ್ಟಿಶನ್ ರೂಮಿನ ಕಾಲದಲ್ಲಿ ಆ ಸದ್ದು ಪ್ಲೈವುಡ್ಡನ್ನು ಹಿಡಿದು ಇಡೀ ಮನೆಗೆ ಜಾತ್ರೆಯ ಹಲಗೆ ಬಡಿದಂತೆ ಕೇಳುತ್ತಿತ್ತು. ಯಾರಾದರೊಬ್ಬರು ಆ ಕಡೆಯಿಂದ ಗೋಡೆ ಗುದ್ದುತ್ತಿದ್ದರು. ಅವ್ವ ಅಲ್ಲಿಗೇ ಕೈ ನಿಲ್ಲಿಸಿ, ಅರ್ಧ ಅಗಲದ ದಪ್ಪ ರೊಟ್ಟಿಯನ್ನೇ ಹಂಚಿಗೆ ಹಾಕುತ್ತಿದ್ದಳು. ಫೆಲ್ಥಮ್‌ಗೆ ಬಂದ ಹೊಸತರಲ್ಲಿ ಪಕ್ಕದ ಮನೆಯ ಮುದುಕ ಬಂದು, ಪ್ರತಿ ಭಾನುವಾರ ನಿಮ್ಮಲ್ಲಿ ಬಡಗಿ ಕೆಲಸ ನಡೆಯುತ್ತದೆಯೇ ಎಂದು ಬಹಳ ಸಭ್ಯವಾಗಿ ಕೇಳಿದ್ದ. ಹೌದು, ಮೇಜು ತಿನ್ನುತ್ತೇವೆ ಎಂದಿದ್ದ ಅಪ್ಪ. ಮುದುಕ ನಕ್ಕು ಹೋಗಿದ್ದ. ಅವ್ವ ಮಾತ್ರ ಅವತ್ತಿನಿಂದ ಮಣೆಯ ಕೆಳಗೆ ಟವೆಲ್ ಮಡಚಿ ಹಾಕಲು ಶುರುಮಾಡಿದಳು. ಟವೆಲ್ ಹಾಕದೆ ರೊಟ್ಟಿ ಬಡಿಯುವಂಥ ಮನೆ ಬೇಕು ಎಂಬುದೇ ಈಗ ಅವಳು ಹೇಳಿದ ಏಕೈಕ ಷರತ್ತು.

"ನೀ ಹೊರಗ ಪಕ್ಕದ ಮನಿ ಬಾಗಲ ಹಂತ್ಯಾಕ ಹೋಗಿ ನಿಂದ್ರ. ಕೇಳತೈತೇನ ನೋಡ," ಎಂದಳು.

ಏಜೆಂಟ್ ಕನ್ನಡಕ ತೆಗೆದ. "ಆಂಟೀಜೀ, ಎಲ್ಲರೂ ಸಮುದ್ರ ಕಾಣ್ತದಾ ಅಂತ ಕೇಳ್ತಾರೆ. ನೀವು ಗೋಡೆಗೆ ಕಿವಿ ಇದೆಯಾ ಅಂತ ಕೇಳ್ತೀರಿ," ಎಂದ ತನ್ನ ಉರ್ದುವಿನಲ್ಲಿ.

ಮೊದಲ ಮನೆ ಹೊಸ ಗೋಪುರದಲ್ಲಿತ್ತು. ದಪ್ಪ ಗೋಡೆ. ಕಾರಿಡಾರಿನಲ್ಲಿ ನಿಂತು ಎಷ್ಟು ಕಿವಿಗೊಟ್ಟರೂ ಏನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಪಾಸು. ಅವ್ವ ಸುತ್ತ ನೋಡಿದಳು. ಎಲ್ಲ ಬಾಗಿಲುಗಳೂ ಮುಚ್ಚಿದ್ದವು. "ಇನ್ನೊಂದ ನೋಡೂಣು," ಎಂದಳು.

ಎರಡನೆಯದು ಹಳೆಯ ಕಟ್ಟಡ. ಅಲ್ಲಿ ನಾನು ಪಕ್ಕದ ಮನೆಯ ಬಾಗಿಲವರೆಗೆ ಹೋಗುವ ಮೊದಲೇ ಸದ್ದು ನನ್ನ ಬೆನ್ನ ಹಿಂದೆ ಬಂತು. ಪಟಪಟಪಟ. ಧಾರವಾಡದ ಅಜ್ಜಿಯ ಮನೆಯಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಪಕ್ಕದ ಬಾಗಿಲು ತೆರೆಯಿತು. ಹೂವಿನ ಸೀರೆಯಂಥದೊಂದು ಬಟ್ಟೆಯನ್ನು ತಲೆಯ ಮೇಲಿಂದ ಸುತ್ತಿಕೊಂಡ ದಪ್ಪನೆಯ ಹೆಂಗಸು. ಸುಡಾನಿನವಳೆಂದು ಆಮೇಲೆ ತಿಳಿಯಿತು. ಒಳಗೆ ಮಕ್ಕಳು ಕಿರುಚಾಡುತ್ತಿದ್ದರು.

ನಾನು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ನನ್ನ ತಾಯಿ ಮನೆ ನೋಡುತ್ತಿದ್ದಾಳೆ, ತಂದೆ ತೀರಿಹೋದರು, ಅವಳು ಒಬ್ಬಳೇ ಇರುವವಳು ಎಂದೆಲ್ಲ ಹೇಳಿದೆ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದು ಕೆಟ್ಟ ವಾದಿಯ ಲಕ್ಷಣ, ಗೊತ್ತು. ಆಕೆ ಸತ್ತವರ ಬಗ್ಗೆ ಅರಬ್ಬಿಯಲ್ಲಿ ಏನೋ ಒಂದು ಮಾತು ಹೇಳಿ, ನನ್ನನ್ನು ದಾಟಿಕೊಂಡು ಸೀದಾ ಒಳಗೆ ಹೋದಳು. ಅವ್ವನ ಕೈಕೆಳಗೆ ಅಗಲವಾಗುತ್ತಿದ್ದ ಹಿಟ್ಟನ್ನು ನೋಡಿದಳು. ಜೋಳವೇ ಎಂದು ಕೇಳಿದಳು. ಅವರಲ್ಲೂ ಜೋಳದ ತೆಳ್ಳನೆಯ ರೊಟ್ಟಿ ಇದೆಯಂತೆ, ಆದರೆ ಹುಳಿ ಬರಿಸಿ ಹುಯ್ಯುತ್ತಾರಂತೆ. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿ, "ಇದು ಪಡುವಣ. ಮಧ್ಯಾಹ್ನದ ಮೇಲೆ ಇಲ್ಲಿ ನಿಲ್ಲಲು ಆಗುವುದಿಲ್ಲ. ದಪ್ಪ ಪರದೆ ಹಾಕು" ಎಂದಳು. ಅವಳ ಮನೆಯೊಳಗಿನಿಂದ ಏನೋ ಬಿದ್ದು ಒಡೆದ ಸದ್ದು ಬಂತು. ಮಕ್ಕಳನ್ನು ಬೈಯುತ್ತ ಹೊರಟುಹೋದಳು.

ಅವ್ವ ಕೊಂಡದ್ದು ಆ ಮನೆಯನ್ನು.

ಚೇಚಿಯ ಊಟದ ಮೇಜಿನಲ್ಲಿ ನಾನು ಸುಮ್ಮನಿರಲಿಲ್ಲ. "ಷರತ್ತು ನಿಂದು. ಪರೀಕ್ಷೆ ನಿಂದು. ಫೇಲ್ ಆದದ್ದನ್ನ ಆರಿಸೀದಿ. ಇದಕ್ಕ ಏನಂತಾರ?"

"ಅಡಿಗಿಮನಿ ಬೆಳಕ ಐತಿ."

"ಬೆಳಕಲ್ಲ ಅದು, ಬೆಂಕಿ. ಆಕೀನ ಹೇಳಿದ್ಲಲ್ಲ."

"ಪರದೆ ಹಾಕಿದ್ರಾತು."

ಚೇಚಿ ನನ್ನ ತಟ್ಟೆಗೆ ಮೀನು ಬಡಿಸಲು ಬಂದು, ನಾವು ತಿನ್ನುವುದಿಲ್ಲವೆಂದು ನೆನಪಾಗಿ, ನಕ್ಕು ಹಿಂದೆಗೆದರು. "ಮೋಳೆ, ನೀನು ವಕೀಲಳಾಗು. ನಿನ್ನ ಅಮ್ಮನನ್ನು ಬಿಟ್ಟುಬಿಡು," ಎಂದರು ಹಿಂದಿಯಲ್ಲಿ. ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳೇ ಎಂದು. ಕನ್ನಡದವಳ ಕಿವಿಗೆ ಅದು ಗೋಡೆಗೆ ಹೊಡೆಯುವ ಮೊಳೆಯಂತೆ ಕೇಳುತ್ತದೆ.

ಲಂಡನ್ನಿಗೆ ಮರಳಿದ ಮೇಲೆ ಕೆಲಸಗಳೆಲ್ಲ ತಾವಾಗಿಯೇ ನಡೆದಂತೆ ನಡೆದವು. ಫೆಲ್ಥಮ್‌ನ ಮನೆಯನ್ನು ನನಗೆ ಬಿಡುವುದೆಂದಾಯಿತು. ಅವ್ವ ಆಸ್ಪತ್ರೆಗೆ ರಾಜೀನಾಮೆ ಕೊಟ್ಟಳು. ಅಪ್ಪನ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಹಳೆಯ ಸಾಮಾನು ಪಡೆದು ಮಾರುವ ದಾನದ ಅಂಗಡಿಗೆ ಕೊಟ್ಟು ಬಂದಳು. ಬರುವಾಗ ಅದೇ ಅಂಗಡಿಯಿಂದ ದಪ್ಪ ಪರದೆ ಕೊಂಡು ತಂದಳು. ನಾನು ದಿನಕ್ಕೊಂದು ಹೊಸ ಕಾರಣ ಹುಡುಕಿ ಹೇಳುತ್ತಿದ್ದೆ. ಹೇಳುವಾಗ ನನ್ನ ದನಿ ನನಗೇ ರೇಡಿಯೋದಿಂದ ಬರುವಂತೆ ಕೇಳುತ್ತಿತ್ತು.

ನವರಾತ್ರಿ ಬಂತು. ಹೊರಡಲು ಕೆಲವೇ ವಾರಗಳಿದ್ದವು. ಕನ್ನಡದವರು ಶಾಲೆಯೊಂದರ ಹಾಲ್ ಬಾಡಿಗೆ ಹಿಡಿದು ಕಾರ್ಯಕ್ರಮ ಇಟ್ಟಿದ್ದರು. ನಾನು ಇಂಥವಕ್ಕೆಲ್ಲ ಹೋಗುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಆದರೆ ಅವ್ವ ಇಷ್ಟು ವರ್ಷ ಒಡನಾಡಿದ ಜನ, ಒಮ್ಮೆ ಎಲ್ಲರನ್ನೂ ನೋಡಿದರೆ ಮನಸ್ಸು ಬದಲಾದೀತು ಎಂದು ನಾನೇ ಎಬ್ಬಿಸಿಕೊಂಡು ಹೋದೆ. "ಬರೂದ ಬ್ಯಾಡಬಿಡ," ಎಂದಿದ್ದಳು. "ಯಾಕ? ಕಾರಣ ಕೊಡು," ಎಂದಿದ್ದೆ. ಕೊಟ್ಟಿರಲಿಲ್ಲ.

ಹಾಡು, ಮಕ್ಕಳ ಕುಣಿತ, ಬಿಸಿಬೇಳೆಬಾತು, ಹೋಳಿಗೆ. ಎಲ್ಲರೂ ಅವ್ವನನ್ನು ಅಕ್ಕರೆಯಿಂದಲೇ ಮಾತಾಡಿಸಿದರು. ಕೊನೆಗೆ ಹೆಂಗಸರನ್ನು ಕುರ್ಚಿಗಳ ಸಾಲಿನಲ್ಲಿ ಕೂರಿಸಿ ಅರಿಶಿನ ಕುಂಕುಮ ಕೊಡಲು ಶುರುಮಾಡಿದರು. ಬೆಳ್ಳಿತಟ್ಟೆ ಹಿಡಿದು ಬಂದವರು ಮೈಸೂರು ಕಡೆಯ ಆಂಟಿ, ವೃತ್ತಿಯಿಂದ ಜಿಪಿ. ಅವ್ವನ ಬಿಪಿಯನ್ನು ಊಟದ ನಡುವೆಯೇ ವಿಚಾರಿಸಿಕೊಂಡಿದ್ದವರು. ನನ್ನ ಮುಂದೆ ನಿಂತರು. "ತಗೋಮ್ಮ. ಬೇಗ ಮದುವೆ ಊಟ ಹಾಕಿಸು," ಎಂದರು. ನಾನು ಕುಂಕುಮ ಹಚ್ಚಿಕೊಂಡೆ. ನನ್ನ ಪಕ್ಕದಲ್ಲಿ ಅವ್ವ.

ತಟ್ಟೆ ಅವ್ವನ ಮುಂದೆ ನಿಲ್ಲಲಿಲ್ಲ. ತಡವರಿಸಲೂ ಇಲ್ಲ. ಒಂದೇ ಮಟ್ಟದಲ್ಲಿ, ಒಂದೇ ವೇಗದಲ್ಲಿ, ಅವಳ ಮೊಣಕಾಲಿನ ಮುಂದಿನಿಂದ ಸಾಗಿ ಆಚೆಯ ಕುರ್ಚಿಯ ಹೆಂಗಸಿನ ಎದುರು ನಿಂತಿತು. ಆಕೆ ಕುಂಕುಮ, ಹೂವು, ರವಿಕೆ ಕಣ ತೆಗೆದುಕೊಂಡಳು. ಎಲ್ಲ ಮುಗಿದ ಮೇಲೆ ಆಂಟಿ ಹಿಂದಿರುಗಿ ಬಂದು ಅವ್ವನ ಭುಜ ಮುಟ್ಟಿ, ಮೆಲ್ಲಗೆ, "ನಿಮಗೆ ಹೋಳಿಗೆ ಕಟ್ಟಿಟ್ಟಿದೀನಿ ಕಣ್ರೀ, ಮರೆಯದೆ ತಗೊಂಡು ಹೋಗಿ" ಎಂದರು.

ನಾನು ಎದ್ದು ನಿಲ್ಲಬೇಕೆಂದುಕೊಂಡೆ. ಮೊದಲ ವಾಕ್ಯ ಆಗಲೇ ಸಿದ್ಧವಾಗಿತ್ತು. ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟಳು. ಇಂಜೆಕ್ಷನ್ ಕೊಡುವ ಮುನ್ನ ರೋಗಿಯ ಕೈ ಅಲುಗದಂತೆ ಹಿಡಿಯುತ್ತಾರಲ್ಲ, ಹಾಗೆ.

ಮನೆಗೆ ಹೊರಟೆವು. ಕಾರು ಓಡಿಸುತ್ತಿದ್ದದ್ದು ಅವ್ವ. ನನಗೆ ಇನ್ನೂ ಲೈಸೆನ್ಸ್ ಇಲ್ಲ. ಹೋಳಿಗೆಯ ಪೊಟ್ಟಣ ನನ್ನ ಮಡಿಲಲ್ಲಿ ಬಿಸಿಯಾಗಿತ್ತು.

"ನಾಳೆ ಅವರಿಗೆ ಫೋನ್ ಮಾಡ್ತೀನಿ," ಎಂದೆ. "ಡಾಕ್ಟರ್ ಓದಿದಾಕಿ. ದಿನಾ ನಿನ್ನಂಥವರಿಗೂ ಔಷಧ ಬರೀತಾಳ."

"ಬ್ಯಾಡ."

"ಇದಕ್ಕ ಏನವ್ವಾ ನೀ ಹೊಂಟದ್ದು? ನನಗ ಮೊದಲ ಯಾಕ ಹೇಳಲಿಲ್ಲ?"

"ಇದಕ್ಕ ಅಂತ ಅಲ್ಲ."

"ಮತ್ತ?"

ಸಿಗ್ನಲ್ ಹಸಿರಾಯಿತು. ಅವ್ವ ಗೇರ್ ಹಾಕಿದಳು.

"ಆಕೀದ ತಪ್ಪಿಲ್ಲ. ಆ ತಟ್ಟಿ ನಾ ಹಿಡೀತಿದ್ದೆ ಮೊದಲ. ಪ್ರತಿ ಸಲ ನನ್ನ ಕೈಯಾಗ ಕೊಡತಿದ್ರು, ಚಂದ ಹಂಚ್ತೀ ಅಂತ. ಬೆಳಗಾವಿ ಕಡೀಯಾಕಿ ಒಬ್ಬಾಕಿ ಬರತಿದ್ಲು. ಸಣ್ಣ ವಯಸ್ಸಿನಾಗ ಗಂಡ ಸತ್ತಿದ್ದ. ನಾ ಎಷ್ಟ ಸಲ ಆಕಿ ಮುಂದಿಂದ ದಾಟಿಸೀನಿ. ದಾಟಿಸಬೇಕಂತ ಅನಕೊಂಡಿದ್ದಿಲ್ಲ. ಕೈ ತಾನ ದಾಟತೈತಿ. ಆಮ್ಯಾಲೆ ಹೋಗಿ ಭಾಳ ಪ್ರೀತೀಲೆ ಮಾತಾಡಸ್ತಿದ್ದೆ."

"ಆಕಿ ಈಗ ಎಲ್ಲದಾಳ?"

"ಗೊತ್ತಿಲ್ಲ. ಬರೂದ ಬಿಟ್ಲು. ನಾವು ಯಾರೂ ಕೇಳಲಿಲ್ಲ."

ಅವ್ವ ಮುಂದಿನ ತಿರುವಿಗೆ ಇಂಡಿಕೇಟರ್ ಹಾಕಿದಳು. ಆಮೇಲೆ ಅವಳೇ ಹೇಳಿದಳು. "ಎಲ್ಲಾರೂ ಚಲೋ ಮಂದಿನವ್ವ. ನಿಮ್ಮಪ್ಪ ಹೋದಾಗಿಂದ ನನ್ನ ಜೋಡಿ ಎಲ್ಲಾರೂ ದನಿ ಸಣ್ಣದ ಮಾಡಿ ಮಾತಾಡ್ತಾರ. ವಾರ್ಡಿನಾಗ ನಾವು ಮಾತಾಡ್ತೀವಲ್ಲ, ಸಾಯೋ ಪೇಶಂಟ್ ಜೋಡಿ, ಹಂಗ. ಆ ಸುಡಾನದಾಕಿ ಪರದೆ ಹಾಕು ಅಂದ್ಲು. ಅಷ್ಟ ಅಂದ್ಲು."

ನಾನು ಈ ಮಾತಿಗೆ ಎದುರು ವಾದ ಹುಡುಕಿದೆ. ಅಭ್ಯಾಸಬಲ. ಸಿಕ್ಕಿದ್ದು ನನ್ನವೇ ಹಳೆಯ ಮಾತುಗಳು. ಈ ವಯಸ್ಸಿಗೆ ಯಾಕವ್ವಾ. ಒಬ್ಬಾಕಿ ಆಗ್ತಿ. ಏನರ ಆದ್ರ ಯಾರನ್ನ ಕರೀತಿ. ಅವನ್ನು ಆಡುವಾಗ ನನ್ನ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಸಣ್ಣದಾಗಿತ್ತೇ? ನನಗೆ ನನ್ನ ದನಿ ಯಾವಾಗಲೂ ದೊಡ್ಡದೆಂದೇ ಕೇಳಿಸುತ್ತದೆ. ಸುಡಾನಿನ ಹೆಂಗಸಿಗೆ, ಅವಳು ಕೇಳುವ ಮೊದಲೇ, ನನ್ನ ತಾಯಿ ಗಂಡ ಸತ್ತವಳೆಂದು ಹೇಳಿದ್ದು ಯಾರು?

ಫೆಲ್ಥಮ್ ಬಂತು. ನಮ್ಮ ಬೀದಿಗೆ ತಿರುಗಿದೆವು. ಕಾರು ನಿಲ್ಲಿಸಿ ಅವ್ವ ಇಂಜಿನ್ ಆರಿಸಿದಳು, ಆದರೆ ಇಳಿಯಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲೆಯೇ ಇದ್ದವು. ನಾನು ಸೀಟ್ ಬೆಲ್ಟ್ ಬಿಚ್ಚದೆ, ಅವಳ ಕಡೆ ನೋಡದೆ, ಗಾಜಿನ ಆಚೆ ನೋಡುತ್ತ ಕೇಳಿದೆ.

"ಅವ್ವಾ, ನೀ ಬಿಟ್ಟು ಹೊಂಟಿರೋ ಮಂದಿಯೊಳಗ ನಾನೂ ಒಬ್ಬಾಕಿನ ಏನು?"